ಹನ್ನೊಂದನೇ ನಂಬರ್ ಏನಾಯ್ತು?

ಯಡಿಯೂರು ಕೆರೆಯ ಸ್ಟಾಪಿನಲ್ಲಿ ಬಸ್ಸಿಳಿದ ವನಿತಾಗೆ ಆ ಶನಿವಾರ ಕಾಲೇ ಏಳಲಿಲ್ಲ. ಕಾತ್ಯಾಯಿನಿ ಮೇಡಂ ಮನೆಗೆ ಅಲ್ಲಿಂದ ಏಳು ನಿಮಿಷದ ದಾರಿ, ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಸೇರುತ್ತಿದ್ದಳು. ಆದರೂ ಕೆರೆಯ ಕಂಬಿಗೆ ಒರಗಿಕೊಂಡು ಅರ್ಧ ಗಂಟೆ ನಿಂತಳು. ಕಡಲೆಕಾಯಿಯವನು ಎರಡು ಸಲ "ಬೇಕಾ ಅಕ್ಕ?" ಎಂದು ಕೇಳಿ, ಮೂರನೆಯ ಸಲ ಕೇಳದೆ ಮುಂದೆ ಹೋದ.

ಒಳಗೆ ಕಾಲಿಟ್ಟ ಕೂಡಲೇ ಮೇಡಂ ಏನು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. "ಹನ್ನೊಂದನೇ ನಂಬರ್ ಏನಾಯ್ತು?" ಎರಡು ವರ್ಷದಿಂದ ಪ್ರತಿ ಶನಿವಾರವೂ ಅದೇ ಪ್ರಶ್ನೆ. ಗಂಡನ ಹೆಸರು ಮರೆತ ಮೇಲೂ, ತಿಂದ ಊಟ ಮರೆತ ಮೇಲೂ, ಅದೊಂದು ಮರೆತಿರಲಿಲ್ಲ. ಇಷ್ಟು ದಿನ "ಇನ್ನೂ ಎಣಿಸ್ತಾ ಇದೀವಿ ಮೇಡಂ" ಎಂದರೆ ಸಾಕಾಗುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಮೊನ್ನೆ ಗುರುವಾರ ಎಣಿಕೆ ಮುಗಿದಿತ್ತು.

ವನಿತಾ ಚಿಕ್ಕಲಸಂದ್ರದ ಹುಡುಗಿ. ಅವಳಪ್ಪ ಭೀಮಪ್ಪ ಸಂಶೋಧನಾ ಸಂಸ್ಥೆಯೊಂದರಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಅವಳ ಹತ್ತೊಂಬತ್ತನೇ ವಯಸ್ಸಿನಲ್ಲಿ, ಗಾಜಿನ ಸಾಮಾನು ತೊಳೆಯುವ ದಿನಗೂಲಿಗೆ, ಮಗಳನ್ನು ಅಲ್ಲಿಗೇ ಸೇರಿಸಿದ. ಕಾತ್ಯಾಯಿನಿ ಆಗ ಅಲ್ಲಿ ವಿಜ್ಞಾನಿ. ಮೊದಲ ದಿನ ಮಧ್ಯಾಹ್ನ ಅವರು ತಮ್ಮ ಊಟದ ಡಬ್ಬಿಯನ್ನು ವನಿತಾಳ ಮುಂದಕ್ಕೆ ತಳ್ಳಿ "ತಿನ್ನು" ಎಂದರು. ಬಸವನಗುಡಿಯ ಮನೆತನದವರು, ನೀರಿಗೆ ತನಗೆ ಬೇರೆ ಲೋಟ ತಂದುಕೊಡುತ್ತಾರೆ ಎಂದು ವನಿತಾ ಕಾದಿದ್ದಳು. ಬೇರೆ ಲೋಟ ಬರಲಿಲ್ಲ. ಇಪ್ಪತ್ತೆಂಟು ವರ್ಷವಾದರೂ ಬರಲಿಲ್ಲ. ಮೇಡಂಗೆ ಇದೊಂದು ವಿಷಯ ಎಂದೇ ತೋಚಿರಲಿಲ್ಲ. ವನಿತಾಗೆ ಅದಕ್ಕಿಂತ ದೊಡ್ಡ ವಿಷಯ ಇರಲಿಲ್ಲ.

ಆ ದಿನವೇ ಚಿತ್ರಾನ್ನದಲ್ಲಿದ್ದ ಕರಿಬೇವಿನ ಕಡ್ಡಿಯೊಂದನ್ನು ಎತ್ತಿ ಹಿಡಿದು ಮೇಡಂ ಪಾಠ ಶುರು ಮಾಡಿದ್ದರು. "ನೋಡು. ನಡುವೆ ಇರೋ ಕಡ್ಡಿ ಪ್ರೋಟೀನು. ಎರಡೂ ಕಡೆ ಎಲೆ ಇದೆಯಲ್ಲ, ಅವು ಸಕ್ಕರೆಯ ಸರಗಳು. ನಿಮ್ಮನೆ ಡಬ್ಬದಲ್ಲಿರೋ ಸಕ್ಕರೆ ಅಲ್ಲ, ಅದನ್ನ ಜಾಸ್ತಿ ತಿಂದ್ರೂ ಇದು ಹೆಚ್ಚಲ್ಲ, ಬಿಟ್ರೂ ಕಮ್ಮಿ ಆಗಲ್ಲ. ಮೈಯಲ್ಲಿ ತಾನಾಗೇ ಹುಟ್ಟೋದು. ಇದರ ಹೆಸರು ಪ್ರೋಟಿಯೋಗ್ಲೈಕಾನ್. ಹೇಳು." ವನಿತಾ ಹೇಳಿದಳು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಸರಿಯಾಗಿ ಹೇಳಿದಳು.

ಉಳಿದದ್ದನ್ನು ವರ್ಷಗಟ್ಟಲೆ ಕಲಿತಳು. ಅಮಿಲಾಯ್ಡ್ ಎನ್ನುವ ಪ್ರೋಟೀನಿನ ಚೂರು ಎಲ್ಲರ ಮಿದುಳಿನಲ್ಲೂ ಹುಟ್ಟುತ್ತದೆ, ಹುಟ್ಟಿದ್ದು ಹೇಗೋ ಕರಗಿ ಹೋಗುತ್ತದೆ. ಅಲ್ಜೈಮರ್ ಬಂದವರಲ್ಲಿ ಅದು ಹೋಗದೆ ಅಲ್ಲಲ್ಲೇ ಗಂಟು ಗಂಟಾಗಿ ಕೂರುತ್ತದೆ. ಆ ಗಂಟಿಗೇ ಪ್ಲೇಕ್ ಎನ್ನುತ್ತಾರೆ. ಇಡೀ ಲೋಕ ಆ ಕೊಳೆಯನ್ನು ನೋಡುತ್ತಿದ್ದಾಗ ಕಾತ್ಯಾಯಿನಿ ಬೇರೆ ಕಡೆ ಬೊಟ್ಟು ಮಾಡಿದವರು. ಬಚ್ಚಲ ಜಾಲರಿಗೆ ಮೊದಲು ಒಂದೆಳೆ ಕೂದಲು ಸಿಕ್ಕಿಕೊಳ್ಳುತ್ತದೆ, ಆಮೇಲೆ ಬಂದದ್ದೆಲ್ಲ ಅದಕ್ಕೇ ಹಿಡಿಯುತ್ತದೆ. ಕೊಳೆ ಬಿಡಿ, ಕೂದಲನ್ನು ನೋಡಿ ಎನ್ನುತ್ತಿದ್ದರು. ಪ್ರೋಟಿಯೋಗ್ಲೈಕಾನಿನ ಆ ಸಕ್ಕರೆಯ ಸರಕ್ಕೆ ಅಮಿಲಾಯ್ಡ್ ಅಂಟುತ್ತದೆ, ಅಂಟಿದ ಮೇಲೆ ಅದನ್ನು ಕತ್ತರಿಸಿ ಹಾಕಬೇಕಾದ ಮೈಯ ರಸಗಳಿಗೆ ಅದು ಸಿಕ್ಕುವುದಿಲ್ಲ ಎಂಬುದು ಅವರ ವಾದ. ಸತ್ತವರ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಆಲ್ಸಿಯನ್ ಬ್ಲೂ ಎಂಬ ಬಣ್ಣದಲ್ಲಿ ಅದ್ದಿದರೆ, ಪ್ಲೇಕಿನ ಸಕ್ಕರೆ ತಿಳಿನೀಲಿಯಾಗಿ ಕಾಣುತ್ತಿತ್ತು. ಸೀಳುವ ಕೈ, ಅದ್ದುವ ಕೈ ವನಿತಾದು. ಅವಳ ಉಗುರಿನ ಸಂದಿಯ ನೀಲಿ ಮದುವೆಯ ದಿನವೂ ಹೋಗಿರಲಿಲ್ಲ.

ಮೇಡಂ ರಿಟೈರ್ ಆದಮೇಲೆ ಅವರ ಶಿಷ್ಯೆ ಸಮನ್ವಿತಾ ಆ ಕೆಲಸವನ್ನು ಮುಂದುವರಿಸಿದಳು. ಅಮಿಲಾಯ್ಡ್ ಸಕ್ಕರೆಯನ್ನು ಹಿಡಿಯುವ ಜಾಗದಲ್ಲಿ ತಾನೇ ಹೋಗಿ ಕೂತುಬಿಡುವಂಥ ಒಂದು ಸಣ್ಣ ಪದಾರ್ಥವನ್ನು ಕಾತ್ಯಾಯಿನಿ ಕೊನೆಯ ವರ್ಷಗಳಲ್ಲಿ ಗುರುತು ಮಾಡಿದ್ದರು. ಅವರು ಪರೀಕ್ಷೆ ಮಾಡಿದವುಗಳ ಪಟ್ಟಿಯಲ್ಲಿ ಹನ್ನೊಂದನೆಯದು. ಇಲಿಗಳಿಗೆ ಅದನ್ನು ಕೊಡಲು ಶುರು ಮಾಡುವ ಹೊತ್ತಿಗೆ ಮೇಡಂ ಕುಕ್ಕರ್ ಇಟ್ಟು ಮರೆಯತೊಡಗಿದ್ದರು. ಡಾಕ್ಟರು ರೋಗದ ಹೆಸರು ಹೇಳಿದಾಗ ಅವರು ನಕ್ಕರಂತೆ. "ಇಷ್ಟು ವರ್ಷ ಲ್ಯಾಬಲ್ಲಿದ್ದ ಬಾಡಿಗೆದಾರ ಈಗ ಮನೆಗೇ ಬಂದ" ಎಂದರಂತೆ. ನಗು ಅಲ್ಲಿಗೆ ಮುಗಿಯಿತು.

ಗುರುವಾರ ಸಮನ್ವಿತಾ ಕವರ್ ಒಡೆದಳು. ಯಾವ ಇಲಿಗೆ ಔಷಧ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಎಣಿಸುವವರಿಗೆ ಗೊತ್ತಿರಬಾರದು, ಅದಕ್ಕೇ ಆ ಕವರ್. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಎಣಿಸಿದ್ದು ವನಿತಾ. ಎರಡೂ ಗುಂಪಿನಲ್ಲಿ ಪ್ಲೇಕು ಸರಿಸಮ. ಸುತ್ತಲ ನೀಲಿಯೂ ಸರಿಸಮ. ಹನ್ನೊಂದನೇ ನಂಬರು ಏನೂ ಮಾಡಿರಲಿಲ್ಲ.

"ಅಕ್ಕ, ಮೇಡಂಗೆ ನೀವೇ ಹೇಳಿಬಿಡಿ, ನನ್ ಕೈಲಿ ಆಗಲ್ಲ" ಎಂದಳು ಸಮನ್ವಿತಾ. ದೊಡ್ಡ ಓದು ಓದಿದವರಿಗೆ ಆಗದ ಕೆಲಸಗಳೆಲ್ಲ ಕೊನೆಗೆ ಹೀಗೇ ಗಾಜು ತೊಳೆದು ಬಂದವರ ಪಾಲಿಗೆ ಬೀಳುತ್ತವೆ.

ಅಂತೂ ಆ ಶನಿವಾರ ವನಿತಾ ನಿಜವನ್ನೇ ಹೇಳಿದಳು. ಮೇಡಂಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕಾತ್ಯಾಯಿನಿ ಕೇಳಿಸಿಕೊಂಡರು, ಎರಡು ಮೂರು ಪ್ರಶ್ನೆ ಕೇಳಿದರು, ಎಷ್ಟು ಇಲಿ, ಎಷ್ಟು ತಿಂಗಳು ಎಂದೆಲ್ಲ. ಪ್ರಶ್ನೆಗಳು ಸರಿಯಾಗಿಯೇ ಇದ್ದವು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆ ಮನೆಯಲ್ಲಿ ಅಂಥ ಅಳು ಯಾರೂ ಕೇಳಿರಲಿಲ್ಲ. ಮುಂದಿನ ಶನಿವಾರ ಬಾಗಿಲಲ್ಲೇ "ಹನ್ನೊಂದನೇ ನಂಬರ್ ಏನಾಯ್ತು?" ಎಂದರು. ಮುಖದಲ್ಲಿ ಅದೇ ಆಸೆ. ವನಿತಾ ಮತ್ತೆ ಹೇಳಿದಳು, ಅವರು ಮೊದಲನೆಯ ಸಲ ಕೇಳುವವರಂತೆ ಕೇಳಿ ಮತ್ತೆ ಮೊದಲಿನಿಂದ ಅತ್ತರು.

ಮೂರನೆಯ ವಾರ ವನಿತಾ "ಎಣಿಸ್ತಾ ಇದೀವಿ" ಎಂದು ಹೇಳಿ ತಪ್ಪಿಸಿಕೊಂಡಳು. ಪಾರಾದೆ ಎಂದುಕೊಂಡು ಹೊರಡುವಾಗ ಸೀನು ಸಾರ್ ಗೇಟಿನವರೆಗೂ ಬಂದರು.

ಸೀನು, ಕಾತ್ಯಾಯಿನಿಯ ಗಂಡ. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಐವತ್ತು ವರ್ಷದಿಂದ ಹೆಂಡತಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದುದಕ್ಕೆ ಜಯನಗರದ ಆ ಬೀದಿಯಲ್ಲಿ ಸಾಕಷ್ಟು ಬಾಯಿಗಳು ಸೊಟ್ಟಗಾಗಿದ್ದವು. ಈಗ ಅವರನ್ನು ಆಕೆ ಸಂಸ್ಥೆಯ ಸ್ಟೋರ್ಸ್ ಗುಮಾಸ್ತ ಎಂದು ತಿಳಿದಿದ್ದಾರೆ. ಬಣ್ಣದ ಬಾಟಲಿ ಇನ್ನೂ ಬಂದಿಲ್ಲ ಎಂದು ದಿನಾ ಬೈಯುತ್ತಾರೆ. "ಇಂಡೆಂಟ್ ಹಾಕಿದೀನಿ ಮೇಡಂ, ಬಂದ್ಬಿಡುತ್ತೆ" ಎನ್ನುತ್ತಾ ಅವರು ಹೆಂಡತಿಯ ತಲೆ ಬಾಚುತ್ತಾರೆ. ಸ್ಟೋರ್ಸಿನವನು ತನ್ನ ತಲೆ ಯಾಕೆ ಬಾಚುತ್ತಾನೆ ಎಂದು ಆಕೆ ಕೇಳಿಲ್ಲ, ಸದ್ಯ.

"ನೋಡಮ್ಮಾ ವನಿತಾ, ಆ ಎರಡು ಶನಿವಾರ ಆದ್ಮೇಲೆ ಅವಳು ಸರಿಯಾಗಿ ಊಟಾನೇ ಮಾಡ್ತಿಲ್ಲ" ಎಂದರು ಸೀನು. "ಬೆಳಗ್ಗೆ ಎದ್ದು ಅಳ್ತಾಳೆ. ಯಾಕೆ ಅಂದ್ರೆ ಗೊತ್ತಿಲ್ಲ ಅಂತಾಳೆ. ವಿಷಯ ಹೋಗ್ಬಿಟ್ಟಿದೆ, ದುಃಖ ಮಾತ್ರ ಉಳ್ಕೊಂಡಿದೆ."

"ತಪ್ಪಾಯ್ತು ಸಾರ್. ನಾನ್ ಹೇಳ್ಬಾರ್ದಿತ್ತು."

"ಅದಕ್ಕಲ್ಲ. ನಾನೊಂದು ಯೋಚನೆ ಮಾಡಿದೀನಿ. ದುಃಖ ಉಳಿಯೋದಾದ್ರೆ ಸಂತೋಷಾನೂ ಉಳೀಬೇಕಲ್ವಾ? ಮುಂದಿನ್ ವಾರ ಅದು ಕೆಲಸ ಮಾಡ್ತು ಅಂತ ಹೇಳ್ಬಿಡು. ಹೇಳಿದ್ದು ಮರ್ತ್‌ಹೋಗುತ್ತೆ. ಖುಷಿ ಇರುತ್ತೆ. ಇನ್ನೇನ್ ಕೊಡಕ್ಕಾಗುತ್ತೆ ನಮ್ ಕೈಲಿ?"

ಲೆಕ್ಕ ಸರಿಯಾಗಿಯೇ ಇತ್ತು. ವನಿತಾ ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ತಿರುವಿ ಹಾಕಿದಳು, ಎಲ್ಲೂ ತಪ್ಪು ಸಿಗಲಿಲ್ಲ. ಶನಿವಾರ ಹೋಗಿ, ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. "ಮೇಡಂ, ಹನ್ನೊಂದನೇ ನಂಬರ್ ಕೆಲಸ ಮಾಡ್ತು."

ಕಾತ್ಯಾಯಿನಿ ಕುರ್ಚಿಯಿಂದ ಎದ್ದರು. ಯಾರ ಕೈಯನ್ನೂ ಹಿಡಿಯದೆ ಅವರು ಎದ್ದು ಎಷ್ಟೋ ತಿಂಗಳಾಗಿತ್ತು.

"ಎಷ್ಟು?"

"ಅರ್ಧಕ್ಕರ್ಧ ಕಮ್ಮಿ ಆಗಿದೆ ಮೇಡಂ."

"ನೀನ್ ಎಣಿಸಿದ್ಯಾ?"

"ನಾನೇ."

"ಬುಕ್ಕಲ್ಲಿ ಬರ್ದಿದೀಯಾ?"

ಇದನ್ನು ವನಿತಾ, ಸೀನು ಸಾರ್ ಇಬ್ಬರೂ ಯೋಚಿಸಿರಲಿಲ್ಲ. ಕಾತ್ಯಾಯಿನಿಯ ಲ್ಯಾಬಿನಲ್ಲಿ ದೇವರ ಪಟ ಇರಲಿಲ್ಲ, ಲ್ಯಾಬ್ ಬುಕ್ ಇತ್ತು. ದಪ್ಪ ರಟ್ಟು, ಪ್ರತಿ ಹಾಳೆಗೂ ನಂಬರು. ಪೆನ್ಸಿಲು ಕೂಡದು. ಹಾಳೆ ಹರಿಯಕೂಡದು. ಬಿಳಿ ಬಳಿಯಕೂಡದು. ತಪ್ಪು ಬರೆದರೆ ಒಂದೇ ಗೆರೆಯಲ್ಲಿ ಹೊಡೆಯಬೇಕು, ಕೆಳಗಿನ ಅಕ್ಷರ ಓದಲು ಸಿಗುವಂತೆ. ಪಕ್ಕದಲ್ಲಿ ಕಾರಣ, ಸಹಿ, ತಾರೀಕು, ಇನ್ನೊಬ್ಬರ ಸಾಕ್ಷಿ ಸಹಿ. ಎಲ್ಲಕ್ಕಿಂತ ಮೊದಲು, ಕಣ್ಣಲ್ಲಿ ನೋಡದ್ದನ್ನು ಬರೆಯಕೂಡದು. ಕೆಲಸಕ್ಕೆ ಸೇರಿದ ಮೂರನೇ ವರ್ಷ, ನೋಡದ ಒಂದು ಸ್ಲೈಡಿಗೆ ಅಂದಾಜಿನಲ್ಲಿ ಸಂಖ್ಯೆ ಬರೆದದ್ದಕ್ಕೆ ವನಿತಾಳನ್ನು ಒಂದು ವಾರ ಮಾತಾಡಿಸಿರಲಿಲ್ಲ ಮೇಡಂ. ಅದೇ ಕೊನೆ.

"ಬುಕ್ ಲ್ಯಾಬಲ್ಲಿದೆ ಮೇಡಂ" ಎಂದಳು ವನಿತಾ.

"ನನ್ ಬುಕ್ ಇದೆಯಲ್ಲ. ಬರಿ."

ಕೊನೆಯ ವರ್ಷದ ಬುಕ್ಕನ್ನು ಕಾತ್ಯಾಯಿನಿ ಮನೆಗೆ ತಂದಿದ್ದರು. ಅರ್ಧ ಖಾಲಿ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇರುತ್ತಿತ್ತು. ವನಿತಾ ಸೀನು ಸಾರ್ ಮುಖ ನೋಡಿದಳು. ಅವರು ಬಾಗಿಲಲ್ಲಿ ನಿಂತು ಬೇಡಿಕೊಳ್ಳುವಂತೆ ತಲೆ ಆಡಿಸಿದರು. ಅವಳು ಕುಳಿತು, ನಲವತ್ತೊಂದನೇ ಪುಟದಲ್ಲಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೆದಳು: ಹನ್ನೊಂದನೇ ನಂಬರಿನಿಂದ ಪ್ಲೇಕ್ ಅರ್ಧದಷ್ಟು ಕಡಿಮೆಯಾಗಿದೆ. ಸಹಿ ಹಾಕಿದಳು. ತನ್ನದೇ ಹೆಸರು ಯಾರದೋ ಹೆಸರಿನಂತೆ ಕಂಡಿತು.

ಕಾತ್ಯಾಯಿನಿ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ನಕ್ಕರು. ಅವತ್ತು ಎರಡು ಸಲ ಹುಳಿ ಹಾಕಿಸಿಕೊಂಡು ಉಂಡರು. ಸ್ಟೋರ್ಸಿನವನಿಗೂ ಬಡಿಸು ಎಂದರು. ಸೀನು ಸಾರ್ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದದ್ದನ್ನು ವನಿತಾ ಕಂಡಳು, ಮತ್ತು ಮನಸ್ಸಿನಲ್ಲೇ ತನ್ನನ್ನು ಕ್ಷಮಿಸಿಕೊಂಡಳು.

ಹೊರಟಾಗ ಕಾತ್ಯಾಯಿನಿ ಅವಳ ಮುಂಗೈ ಹಿಡಿದರು.

"ಹಾಗಾದ್ರೆ ಯಾವತ್ತಿಂದ ಶುರು?"

"ಏನು ಮೇಡಂ?"

"ನನಗೆ ಕೊಡೋದು." ದನಿ ಪೂರಾ ಇಳಿದಿತ್ತು, ಪಕ್ಕದಲ್ಲಿದ್ದವರಿಗೂ ಕೇಳಬಾರದೆನ್ನುವಂತೆ. "ಗೊತ್ತು ಕಣೆ ನನಗೆ. ಒಳಗೇನಾಗ್ತಿದೆ ಅಂತ ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು? ಇಲಿಗೆ ಆಯ್ತಲ್ಲ, ನಾನೊಂದು ಐವತ್ತು ಕೇಜಿ ಇಲಿ ಅನ್ಕೊ. ಕನ್ಸೆಂಟ್ ಫಾರಂ ತಾ, ಸಹಿ ಹಾಕ್ತೀನಿ. ನನ್ ಕೈಲಿ ಇನ್ನೂ ಸಹಿ ಹಾಕಕ್ಕೆ ಬರುತ್ತೆ. ಬೇಗ ತಾ."

ವನಿತಾ ಕೈ ಬಿಡಿಸಿಕೊಂಡಳು. "ನೋಡೋಣ ಮೇಡಂ" ಎಂದು ಏನೋ ಗೊಣಗಿ, ಗೇಟು ದಾಟಿ, ಬಸ್‌ಸ್ಟಾಪು ಬರುವವರೆಗೂ ತಲೆ ಎತ್ತದೆ ನಡೆದಳು. ಎಷ್ಟು ಹೊತ್ತು, ಮರೆತುಬಿಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಮರೆಯುವ ರೋಗವನ್ನು ಅವಳು ಅಲ್ಲಿಯವರೆಗೂ ಯಾವತ್ತೂ ನಂಬಿ ಕೂತಿರಲಿಲ್ಲ.

ಕಾತ್ಯಾಯಿನಿ ಮರೆತರು ಕೂಡ. ಆದರೆ ಬುಕ್ಕು ಮರೆಯಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟೊಡನೆ ಕೈಗೆ ಸಿಗುವುದು ಆ ಸ್ಟೂಲು, ಅದರ ಮೇಲೆ ಆ ಬುಕ್ಕು. ಕೊನೆಗೆ ಬರೆದ ಪುಟ ತೆಗೆದು ಓದುತ್ತಿದ್ದರು, ದಿನಾ ಹೊಸ ಸುದ್ದಿಯಂತೆ ಹಿಗ್ಗುತ್ತಿದ್ದರು. ಆಮೇಲೆ ಸ್ನಾನ ಮುಗಿಸಿ, ಸ್ವೆಟರಿನ ಎಡತೋಳನ್ನು ಭುಜದವರೆಗೂ ಮಡಚಿಕೊಂಡು, ವರಾಂಡದ ಕುರ್ಚಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಹನ್ನೆರಡಾಗಲಿ, ಒಂದಾಗಲಿ, ಇಂಜೆಕ್ಷನ್ ಬರುತ್ತದೆ, ತೋಳು ಇಳಿಸಬೇಡಿ ಎನ್ನುತ್ತಿದ್ದರು. ಕಾಯುವುದಷ್ಟೇ ನೆನಪಿರುತ್ತಿತ್ತು, ಯಾತಕ್ಕೆಂಬುದು ಮಧ್ಯಾಹ್ನ ಕಳೆಯುವ ಹೊತ್ತಿಗೆ ಅಳಿಸಿಹೋಗುತ್ತಿತ್ತು. ಸಂಜೆ ಬರಿದೇ ಅಳು.

ಸೀನು ಸಾರ್ ಫೋನ್ ಮಾಡಿ ಇದನ್ನೆಲ್ಲ ಹೇಳುವಾಗ ವನಿತಾ ಲ್ಯಾಬಿನ ಸಿಂಕಿನ ಮುಂದೆ ನಿಂತಿದ್ದಳು. ಬುಕ್ಕನ್ನು ಬಚ್ಚಿಟ್ಟು ನೋಡಿದರಂತೆ. ಡೇಟಾ ಕದ್ದ ಕಳ್ಳ ಎಂದು ಮೇಡಂ ಕಿರುಚಿ, ಬೀರುವಿನ ಸೀರೆಯನ್ನೆಲ್ಲ ನೆಲಕ್ಕೆ ಹಾಕಿ, ಅವರ ಕೆನ್ನೆಗೆ ಹೊಡೆದರಂತೆ. ವಾಪಸ್ ಕೊಟ್ಟರು. ಆಮೇಲೆ ಯಾರೋ ಹೇಳಿದರೆಂದು ನರ್ಸ್ ಒಬ್ಬಳನ್ನು ಕರೆಸಿ ವಿಟಮಿನ್ ಸೂಜಿ ಕೊಡಿಸಲು ಹೋದರೆ, ಕಾತ್ಯಾಯಿನಿ ಬಾಟಲಿ ಇಸಿದುಕೊಂಡು ಲೇಬಲ್ ಓದಿದರಂತೆ. "ಇದು ಹನ್ನೊಂದನೇ ನಂಬರ್ ಅಲ್ಲ. ಯಾರಿಗ್ ಮೋಸ ಮಾಡಕ್ ಬಂದಿದೀಯಾ?" ಎಂದು ಆ ಹೆಣ್ಣುಮಗಳನ್ನು ಗೇಟಿನಾಚೆ ಕಳಿಸಿದರಂತೆ.

"ಆ ಹಾಳೆ ಹರಿದ್‌ಹಾಕ್ಬಿಡ್ಲಾ?" ಎಂದರು ಸೀನು.

"ಪುಟ ಎಣಿಸ್ತಾರಾ ಸಾರ್?"

"ದಿನಾ ಎಣಿಸ್ತಾಳೆ."

"ಹಂಗಾದ್ರೆ ಬೇಡ. ನಾನ್ ಬರ್ದಿದ್ದು. ನಾನೇ ಬಂದು ಗೆರೆ ಹೊಡೀತೀನಿ."

ಶನಿವಾರದವರೆಗೂ ಕಾಯದೆ ಅವಳು ಮಾರನೆಯ ಬೆಳಗ್ಗೆ ರಜೆ ಹಾಕಿದಳು. ಗಂಡ ಭೀಮೇಶ್ ಬೈಕಿನಲ್ಲಿ ಯಡಿಯೂರಿನ ತಿರುವಿನವರೆಗೂ ತಂದುಬಿಟ್ಟು "ಒಳಗೆ ಬರ್ಲಾ?" ಎಂದ. ಬೇಡವೆಂದಳು. ತಾನು ಮಾಡಿದ್ದನ್ನು ತಾನೇ ಒಬ್ಬಳೇ ಹೋಗಿ ಒಪ್ಪಿಕೊಳ್ಳಬೇಕು ಎಂದು ಅವಳಿಗೆ ಹಟ ಬಂದಿತ್ತು. ಹಟಕ್ಕಿಂತ ಹೆಚ್ಚಾಗಿ ಭಯ ಇತ್ತು.

ಕಾತ್ಯಾಯಿನಿ ವರಾಂಡದಲ್ಲೇ ಇದ್ದರು. ಬೂದು ಸ್ವೆಟರು, ಮಡಚಿದ ಎಡತೋಳು. ಬಿಸಿಲಿಗೆ ಆ ತೋಳಿನ ಚರ್ಮ ಕಾಗದದಂತೆ ಕಾಣುತ್ತಿತ್ತು. ವನಿತಾಳನ್ನು ಕಂಡವರೇ "ತಂದ್ಯಾ?" ಎಂದರು.

"ಮೇಡಂ, ಬುಕ್ ಕೊಡ್ತೀರಾ? ಒಂದ್ ಎಂಟ್ರಿ ಸರಿ ಮಾಡ್ಬೇಕು."

ತೊಡೆಯ ಮೇಲಿದ್ದ ಬುಕ್ಕನ್ನು ಕೊಟ್ಟರು. ಎಂಟ್ರಿ ಸರಿ ಮಾಡುವುದು ಎಂಬ ಮಾತಿಗೆ ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ವನಿತಾ ಎದುರಿನ ಹಳೆಯ ಬಿದಿರಿನ ಪೀಠದ ಮೇಲೆ ಕುಳಿತು ನಲವತ್ತೊಂದನೇ ಪುಟ ತೆಗೆದಳು. ಸೀನು ಸಾರ್ ಬಾಗಿಲಲ್ಲಿ ನಿಂತಿದ್ದರು. ಅವಳು ಸ್ಕೇಲು ಇಟ್ಟು ಒಂದೇ ಗೆರೆ ಎಳೆದಳು.

"ಕಾರಣ ಬರಿ" ಎಂದರು ಕಾತ್ಯಾಯಿನಿ.

"ಬರೀತೀನಿ ಮೇಡಂ."

"ಜೋರಾಗಿ ಹೇಳ್ಕೊಂಡು ಬರಿ."

"ನಾನು ನೋಡದೇ ಇದ್ದದ್ದನ್ನು ಬರೆದಿದ್ದೇನೆ" ಎಂದು ಹೇಳುತ್ತಾ ಬರೆದಳು ವನಿತಾ. "ಹನ್ನೊಂದನೇ ನಂಬರಿನಿಂದ ಯಾವ ವ್ಯತ್ಯಾಸವೂ ಆಗಿಲ್ಲ." ಅಕ್ಷರ ಮಂಜಾಯಿತು. ಸಹಿ ಹಾಕಿದಳು, ತಾರೀಕು ಹಾಕಿದಳು. ತಲೆ ಎತ್ತಲು ಧೈರ್ಯವಾಗಲಿಲ್ಲ. ಒಂದು ವಾರವಲ್ಲ, ಇನ್ನು ಯಾವತ್ತೂ ಮಾತಾಡಿಸದಿದ್ದರೂ ಸರಿಯೇ, ಬೈದುಬಿಡಲಿ ಎನಿಸಿತು.

ಬೈಗುಳ ಬರಲಿಲ್ಲ. ಕಾತ್ಯಾಯಿನಿ ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು, ಪೆನ್ನು ಇಸಿದುಕೊಂಡು ಸಾಕ್ಷಿಯ ಜಾಗದಲ್ಲಿ ಸಹಿ ಮಾಡಲು ಹೊರಟರು. 'ಕಾತ್ಯಾ' ಎಂದು ಬರೆದು ನಿಂತರು. ಮುಂದಿನ ಅಕ್ಷರ ಎಲ್ಲೋ ಕಾಣೆಯಾಗಿತ್ತು. ಸ್ವಲ್ಪ ಹೊತ್ತು ಹುಡುಕಿ, ಸಿಗದೆ, ಒಂದು ಗೀಟು ಎಳೆದು ಮುಗಿಸಿದರು.

"ಎರಡು ವರ್ಷದ ಕೆಲಸ" ಎಂದರು. ದನಿ ಹಳೆಯ ಮೇಡಂದೇ. "ಹೋಗ್ಲಿ. ಬರ್ದು ಹೊಡೆದ್ಯಲ್ಲ, ಬಚ್ಚಿಡ್ಲಿಲ್ವಲ್ಲ, ಅಷ್ಟು ಸಾಕು. ಇದನ್ನ ನಂಬ್ಕೊಂಡು ಯಾರಾದ್ರೂ ಪೇಷಂಟು ಕಾಯ್ತಾ ಇದಾರಾ?"

ವನಿತಾ ಅವರ ಕೈಯಿಂದ ಪೆನ್ನು ವಾಪಸ್ ತೆಗೆದುಕೊಂಡಳು.

"ಇದಾರಾ?"

"ಒಬ್ರು ಇದಾರೆ ಮೇಡಂ."

"ಅಯ್ಯೋ ಪಾಪ." ಕಾತ್ಯಾಯಿನಿಯ ಮುಖ ಸಣ್ಣಗಾಯಿತು. "ಫೋನಲ್ಲಿ ಹೇಳ್ಬೇಡ. ಆಸೆ ಇಟ್ಕೊಂಡು ಕೂತಿರ್ತಾರೆ. ಹೋಗಿ, ಎದುರಿಗೆ ಕೂತ್ಕೊಂಡು, ನೀನೇ ಹೇಳು. ಅವ್ರು ಅಳ್ತಾರೆ. ಅಳಕ್ಕೆ ಬಿಡು. ಅರ್ಧಕ್ಕೆ ಎದ್ದು ಬರ್ಬೇಡ."

"ಆಯ್ತು ಮೇಡಂ."

ಅಷ್ಟು ಹತ್ತಿರದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಅವಳು ಎದುರಿಗೇ ಕೂತಿದ್ದಳು. ಹೇಳಬೇಕಾದ್ದನ್ನು ಹೇಳಿಯೂ ಆಗಿತ್ತು. ಬಾಗಿಲಲ್ಲಿದ್ದ ಸೀನು ಸಾರ್ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. ವನಿತಾ ಕೈ ಚಾಚಿ ಸ್ವೆಟರಿನ ಮಡಿಕೆ ಬಿಚ್ಚಿ ತೋಳನ್ನು ಮುಂಗೈವರೆಗೂ ಎಳೆದಳು. ಕಾತ್ಯಾಯಿನಿ ಬೇಡವೆನ್ನಲಿಲ್ಲ. ಮುಗಿಯಿತು, ಇನ್ನು ಅಳಲಿ, ಎಷ್ಟು ಹೊತ್ತಾದರೂ ಏಳುವುದಿಲ್ಲ ಎಂದು ವನಿತಾ ಕಾದಳು.

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಕಾತ್ಯಾಯಿನಿ ಅವನ ಕಡೆ ನೋಡಿದರು, ಆಮೇಲೆ ತೊಡೆಯ ಮೇಲಿನ ಬುಕ್ಕಿನ ಕಡೆ ನೋಡಿದರು. ಇದು ಇಲ್ಲಿಗೆ ಹೇಗೆ ಬಂತು ಎನ್ನುವಂತಿತ್ತು ಆ ನೋಟ. ಪುಟದ ಮೇಲಿನಿಂದ ಬೆರಳಿಟ್ಟು ಓದತೊಡಗಿದರು. ಬೆರಳು ಹೊಡೆದ ಸಾಲಿಗೆ ಬಂತು. ಗೆರೆ ತೆಳ್ಳಗಿತ್ತು, ನೇರವಾಗಿತ್ತು, ಅವರೇ ಕಲಿಸಿಕೊಟ್ಟ ಹಾಗೆ ಕೆಳಗಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಓದಲು ಸಿಗುತ್ತಿತ್ತು. ಪಕ್ಕದ ಕಾರಣದ ಕಡೆಗೆ ಬೆರಳು ಹೋಗಲೇ ಇಲ್ಲ.

"ಅರ್ಧದಷ್ಟು ಕಡಿಮೆಯಾಗಿದೆ" ಎಂದು ಮೆಲ್ಲನೆ ಓದಿಕೊಂಡರು. ಮುಖ ಅರಳಿತು. ವನಿತಾಳನ್ನು ನೋಡಿ, ಅವಳ ಗುರುತು ಹಿಡಿದು, ನಕ್ಕರು. ನಗುತ್ತಲೇ ಸ್ವೆಟರಿನ ಎಡತೋಳನ್ನು ಮತ್ತೆ ಭುಜದವರೆಗೆ ಮಡಚಿ ಅವಳ ಮುಂದೆ ಚಾಚಿದರು.

"ಕೊಡು ಕಣೆ. ಆಗ್ಲೇ ತಡ ಆಗಿದೆ."

ವನಿತಾಳ ಕೈಯಲ್ಲಿ ಪೆನ್ನು ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಕೆಳಗಿಟ್ಟು, ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೇಡಂ ಹೇಳಿದ್ದರು, ಅರ್ಧಕ್ಕೆ ಎದ್ದು ಬರಬೇಡ ಎಂದು. ಅವಳು ಏಳಲಿಲ್ಲ.